ಹವ್ಯಾಸಕ್ಕೆ ಆರ್ಡರ್ ಬಂದಾಗ

ಪ್ರಶ್ನೆ: ಮೇಡಂ, ಫ್ಯೂಷನ್ ಎಂಬ ಸಾಫ್ಟ್‌ವೇರಿನ ಉಚಿತ ಆವೃತ್ತಿಯಲ್ಲಿ ಡಿಸೈನ್ ಮಾಡಿ, ಲೇಸರ್ ಅಂಗಡಿಯಲ್ಲಿ ಮರದ ನೇಮ್‌ಪ್ಲೇಟ್ ಕಟ್ ಮಾಡಿಸುತ್ತೇನೆ. ಈಗ ಅಕ್ಕಪಕ್ಕದವರು ದುಡ್ಡು ಕೊಟ್ಟು ಮಾಡಿಸಿಕೊಳ್ಳುತ್ತಿದ್ದಾರೆ. ಲೈಸೆನ್ಸ್ ತೊಂದರೆ ಆಗುತ್ತಾ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ಆಗುತ್ತದೆ. ಆ ಲೈಸೆನ್ಸ್ ಮನೆಯ ಹವ್ಯಾಸಕ್ಕೆಂದು ಕೊಟ್ಟದ್ದು, ವ್ಯಾಪಾರಕ್ಕಲ್ಲ. ಒಮ್ಮೆಗೆ 10 ಫೈಲ್ ಮಾತ್ರ ತಿದ್ದಬಹುದು ಎಂಬ ಮಿತಿಯೂ ಇದೆ. ಆರ್ಡರ್ ತೆಗೆದುಕೊಳ್ಳುವುದಾದರೆ ದುಡ್ಡಿನ ಆವೃತ್ತಿ ಕೊಳ್ಳಿ, ಇಲ್ಲವೇ ಫ್ರೀಕ್ಯಾಡ್ ಎಂಬ ಉಚಿತ ಡಿಸೈನ್ ಸಾಫ್ಟ್‌ವೇರ್ ಕಲಿಯಿರಿ.

ದಯವಿಟ್ಟು ಕಳ್ಳ ಕಾಪಿ ಮಾತ್ರ ಬೇಡ. ಪೀಣ್ಯದ ನನ್ನ ಚಿಕ್ಕ ವರ್ಕ್‌ಶಾಪಿನಲ್ಲಿ ಅದರ ಜೊತೆ ವೈರಸ್ ಬಂದು, ಎರಡು ವರ್ಷದ ಡ್ರಾಯಿಂಗ್ ಒಂದೇ ರಾತ್ರಿಯಲ್ಲಿ ಹೋಯಿತು. ಆ ಸಂಕಟ ನಿಮಗೆ ಬೇಡ.

ನೇಮ್‌ಪ್ಲೇಟಿಗೆ ಇಂಕ್‌ಸ್ಕೇಪ್ ಎಂಬ ಉಚಿತ ಚಿತ್ರ ಬರೆಯುವ ಪ್ರೋಗ್ರಾಂ ಸಾಕು ಅಲ್ವಾ? ಅದು ಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನದು. ಆ ಲೈಸೆನ್ಸ್ ಪ್ರೋಗ್ರಾಮಿಗೆ ಮಾತ್ರ, ನೀವು ಬರೆದ ಚಿತ್ರ ನಿಮ್ಮದೇ. ಎಷ್ಟು ಬೇಕಾದರೂ ಮಾರಿ.

ಫಾಂಟಿಗೂ ಬೇರೆ ಲೈಸೆನ್ಸ್ ಇರುತ್ತದೆ, ಇದನ್ನು ತುಂಬಾ ಜನ ಮರೆಯುತ್ತಾರೆ. ನೋಟೋ ಸಾನ್ಸ್ ಕನ್ನಡ ಮುಕ್ತ ಫಾಂಟ್, ವ್ಯಾಪಾರಕ್ಕೂ ಬಳಸಬಹುದು. ಲೇಸರ್ ಅಂಗಡಿಗೆ ಫೈಲ್ ಕಳಿಸುವ ಮೊದಲು ಅಕ್ಷರಗಳನ್ನು ‘ಪಾತ್’ ಮಾಡಿಕೊಳ್ಳಿ, ಅಂದರೆ ಫಾಂಟ್ ಬೇಡದ ಬರೀ ಗೆರೆಗಳ ಆಕಾರವಾಗಿಸಿ. ಇಲ್ಲದಿದ್ದರೆ ಅವರ ಕಂಪ್ಯೂಟರಿನಲ್ಲಿ ಒತ್ತಕ್ಷರ ಒಡೆದು, ‘ಲಕ್ಷ್ಮಿ’ ಚೂರುಚೂರಾಗಿ ಬಂದೀತು.