ಹನ್ನೊಂದು ಇಮೇಲ್, ಒಂದೇ ಒಂದು ‘ಪರಿಶೀಲಿಸುತ್ತೇವೆ’

ಪ್ರಶ್ನೆ: ಮೂರು ವರ್ಷಗಳಿಂದ ರಜೆ ಸಿಕ್ಕಾಗಲೆಲ್ಲ ಸುತ್ತಾಡಿ ಬರೆಯುತ್ತಿದ್ದೇನೆ. ಇದುವರೆಗೆ ಹನ್ನೊಂದು ಪ್ರವಾಸ ಲೇಖನಗಳನ್ನು ಬೇರೆ ಬೇರೆ ಪತ್ರಿಕೆಗಳಿಗೆ ಕಳುಹಿಸಿದ್ದೇನೆ. ಒಂದು ಕಡೆಯಿಂದ ‘ಪರಿಶೀಲಿಸುತ್ತೇವೆ’ ಎಂಬ ಸಾಲು ಬಂತು. ಉಳಿದ ಹತ್ತಕ್ಕೆ ಅದೂ ಇಲ್ಲ. ಕೊನೆಯ ಲೇಖನವನ್ನು ನಿಮಗೂ ಲಗತ್ತಿಸಿದ್ದೇನೆ. ನನ್ನ ಭಾಷೆ ಸರಿಯಿಲ್ಲವೇ? ಅಥವಾ ಪರಿಚಯದವರ ಬರಹ ಮಾತ್ರ ಅಚ್ಚಾಗುತ್ತದೆಯೇ?
— ಹೆಸರು ಬೇಡ ಎಂದವರು

ಉತ್ತರ: ಲೇಖನವನ್ನು ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ, ಆ ಚಿಂತೆ ಬಿಡಿ. ಪರಿಚಯದ ಮಾತಿಗೆ ಬಂದರೆ, ಹದಿನಾರು ವರ್ಷ ಪ್ರವಾಸ ಪುಟ ನೋಡಿಕೊಂಡವನು ನಾನು. ಪರಿಚಯದವರು ಕಳುಹಿಸಿದ್ದನ್ನು ಬೇಗ ತೆರೆಯುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ತೆರೆದ ಮೇಲೆ ಅದರಲ್ಲಿಯೂ ಮುಕ್ಕಾಲು ಪಾಲು ವಾಪಸ್ಸೇ ಹೋಗುತ್ತಿತ್ತು.

ಈಗ ನಿಮ್ಮ ಇಮೇಲನ್ನು ಆ ಹಳೆಯ ಕುರ್ಚಿಯಲ್ಲಿ ಕುಳಿತು ನೋಡುತ್ತೇನೆ. ವಿಷಯದ ಸಾಲಿನಲ್ಲಿ ‘ಪ್ರವಾಸ ಲೇಖನ’ ಎಂದಿದೆ. ಒಳಗೆ ‘ದಯವಿಟ್ಟು ಪ್ರಕಟಿಸಿ’ ಎಂಬ ಎರಡೇ ಪದ. ಲಗತ್ತಿನಲ್ಲಿ 2,300 ಪದಗಳು, ಹದಿನಾಲ್ಕು ಚಿತ್ರಗಳು, ಅದರಲ್ಲಿ ಒಂಬತ್ತು ಸೂರ್ಯಾಸ್ತ. ಲೇಖನದ ಮೊದಲ ವಾಕ್ಯ: ‘ಬೆಳಗಿನ ಐದಕ್ಕೆ ಅಲಾರಂ ಹೊಡೆಯಿತು.’ ಪ್ರವಾಸ ಲೇಖನಗಳಲ್ಲಿ ಹೊಡೆದಷ್ಟು ಅಲಾರಂ ರೈಲು ಚಾಲಕರ ಮನೆಗಳಲ್ಲಿಯೂ ಹೊಡೆದಿರಲಾರದು. ಆಮೇಲೆ ಬ್ಯಾಗು ತುಂಬಿದಿರಿ, ಬಸ್ಸು ತಪ್ಪಿತು, ಇನ್ನೊಂದು ಬಸ್ಸು ಸಿಕ್ಕಿತು. ದ್ವೀಪ ಮುಟ್ಟುವ ಹೊತ್ತಿಗೆ ನಾನು ಮೂರನೇ ಪುಟದಲ್ಲಿದ್ದೆ. ಹಳೆಯ ಕೆಲಸದಲ್ಲಿದ್ದಿದ್ದರೆ ಅಲ್ಲಿಯವರೆಗೆ ಬರುತ್ತಲೇ ಇರಲಿಲ್ಲ.

ಬಾರದಿದ್ದರೆ ನಷ್ಟ ನನಗೇ ಆಗುತ್ತಿತ್ತು. ನಾಲ್ಕನೇ ಪುಟದಲ್ಲಿ ದೋಣಿಯವರು ಸಿಗುತ್ತಾರೆ. ಅವರ ದೋಣಿಗೆ ವೇಳಾಪಟ್ಟಿ ಇಲ್ಲ, ಆಚೆ ದಡದಲ್ಲಿ ತೂಗುಹಾಕಿದ ಗಂಟೆ ಇದೆ. ಒಮ್ಮೆ ಬಾರಿಸಿದರೆ ಯಾರೋ ದಾಟಬೇಕಾಗಿದೆ ಎಂದರ್ಥ. ಎರಡು ಸಲ ಬಾರಿಸಿದರೆ ಕಾಯಿಲೆಯವರಿದ್ದಾರೆ, ನಡುರಾತ್ರಿಯಾದರೂ ಹೊರಡಬೇಕು. ಮುಂದಿನ ವರ್ಷ ಸೇತುವೆ ತೆರೆಯುತ್ತದೆ, ಗಂಟೆಗೆ ಕೆಲಸವಿರುವುದಿಲ್ಲ. ಇಂಥದ್ದನ್ನು ಮೂರು ವಾಕ್ಯಗಳಲ್ಲಿ ಮುಗಿಸಿ ನೀವು ಮತ್ತೆ ಸೂರ್ಯಾಸ್ತದ ಕಡೆ ಹೊರಟುಬಿಟ್ಟಿದ್ದೀರಿ!

ನೀವು ಸಂಪಾದಕರಿಗೆ ಕಳುಹಿಸಿದ್ದು ದ್ವೀಪವನ್ನು. ದ್ವೀಪ ಅವರಿಗೆ ಗೊತ್ತು, ಇಲ್ಲವೇ ನಕಾಶೆಯಲ್ಲಿ ಸಿಗುತ್ತದೆ. ಅವರಿಗೆ ಬೇಕಾಗಿದ್ದದ್ದು ಗಂಟೆ. ಅದಕ್ಕೆ ಪೂರ್ತಿ ಲೇಖನವೂ ಬೇಡ, ಮೊದಲು ಪ್ರಸ್ತಾವ ಸಾಕು. ‘ಪಿಚ್’ ಎಂದು ಈ ಕಸುಬಿನವರು ಕರೆಯುವುದು ಅದನ್ನೇ. ನಿಮ್ಮ ಲೇಖನದ ಮೂಲೆಮೂಲೆಗಳಲ್ಲಿ ಇದ್ದುದನ್ನೇ ಹೆಕ್ಕಿ, ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ.

ವಿಷಯ: ಪ್ರಸ್ತಾವ – ಸೇತುವೆ ತೆರೆಯುವ ಮುನ್ನ, ಗಂಟೆಗೆ ಓಗೊಡುವ ದೋಣಿ

‘ಮಾನ್ಯರೇ, ಮುಂದಿನ ವರ್ಷ ಸೇತುವೆ ತೆರೆದ ದಿನ ಈ ದ್ವೀಪದ ದೋಣಿ ನಿಲ್ಲುತ್ತದೆ. ಮೂರು ತಲೆಮಾರಿನಿಂದ ಇಲ್ಲಿ ದೋಣಿ ಹೊರಡುವುದು ದಡದ ಗಂಟೆ ಕೇಳಿದಾಗ: ಒಮ್ಮೆ ಬಾರಿಸಿದರೆ ಪ್ರಯಾಣಿಕರು, ಎರಡು ಸಲ ಬಾರಿಸಿದರೆ ಕಾಯಿಲೆಯವರು. ಆಸ್ಪತ್ರೆ ಹತ್ತಿರವಾಗುತ್ತದೆಂದು ದ್ವೀಪದ ಹೆಂಗಸರು ದಿನ ಎಣಿಸುತ್ತಿದ್ದಾರೆ. ದೋಣಿಯವರ ಮಗ ಸೇತುವೆಯ ಕೆಲಸಕ್ಕೇ ಕೂಲಿಗೆ ಹೋಗುತ್ತಾನೆ. ಬೆಳಗಿನಿಂದ ಕತ್ತಲಾಗುವವರೆಗೆ ಒಂದು ದಿನ ಆ ದೋಣಿಯಲ್ಲಿ ಕುಳಿತು ಕಂಡದ್ದನ್ನು 1,200 ಪದಗಳಲ್ಲಿ ಬರೆಯಬಲ್ಲೆ. ದೋಣಿಯವರ ಮನೆಯಲ್ಲಿ ಎರಡು ದಿನ ಇದ್ದು ಬಂದಿದ್ದೇನೆ, ಮತ್ತೆ ಹೋಗಲು ಅವರು ಒಪ್ಪಿದ್ದಾರೆ. ಮೂರು ಚಿತ್ರಗಳನ್ನು ಲಗತ್ತಿಸಿದ್ದೇನೆ.’

ಕೊನೆಗೆ ನಿಮ್ಮ ಬಗ್ಗೆ ಎರಡು ಸಾಲು, ಫೋನ್ ಸಂಖ್ಯೆ. ಮುಗಿಯಿತು. ಹಿಂದೆ ಎಲ್ಲಿಯೂ ಅಚ್ಚಾಗಿಲ್ಲವೆಂದು ಕ್ಷಮೆ ಕೇಳುತ್ತ ಕೂರಬೇಡಿ. ದೋಣಿಯವರ ಮನೆಯಲ್ಲಿ ಎರಡು ದಿನ ಇದ್ದದ್ದೇ ನಿಮ್ಮ ಅರ್ಹತೆ.

ಹಾಗೆಂದು ಪೂರ್ತಿ ಲೇಖನ ಕಳುಹಿಸುವುದೇ ತಪ್ಪಲ್ಲ. ಚಿಕ್ಕ ಪ್ರಬಂಧ, ನಗೆಬರಹ, ಹೇಳುವ ಧಾಟಿಯಲ್ಲಿಯೇ ಜೀವವಿರುವ ಬರಹ — ಇವುಗಳನ್ನು ಪ್ರಸ್ತಾವದಲ್ಲಿ ಹೇಳಿದರೆ ಸಪ್ಪೆಯಾಗುತ್ತವೆ, ಬರೆದೇ ಕಳುಹಿಸಬೇಕು. ಲೇಖಕರಿಗೆ ಸೂಚನೆಗಳನ್ನು ಕೊಟ್ಟಿರುವ ಪತ್ರಿಕೆಯಾದರೆ ಅದರಲ್ಲಿ ಏನಿದೆಯೋ ಅದರಂತೆ. ಸೂಚನೆ ಇಲ್ಲದಿದ್ದರೆ ಹಿಂದಿನ ಐದಾರು ಸಂಚಿಕೆಗಳನ್ನು ಮುಂದಿಟ್ಟುಕೊಂಡು ಲೇಖಕರ ಹೆಸರುಗಳನ್ನು ನೋಡಿ. ಪ್ರತಿ ಸಂಚಿಕೆಯಲ್ಲಿಯೂ ಬರುವ ಹೆಸರು ಸಿಬ್ಬಂದಿಯದು ಅಥವಾ ಅಂಕಣಕಾರರದು, ಆ ಪುಟ ನಿಮಗೆ ತೆರೆಯುವುದಿಲ್ಲ. ಹೆಸರುಗಳು ಬದಲಾಗುತ್ತಿರುವ ಪುಟ ಹೊರಗಿನವರದು. ಬಹಳ ಪತ್ರಿಕೆಗಳಲ್ಲಿ ಅದು ಆರಂಭದ, ಇನ್ನೂರು ಮುನ್ನೂರು ಪದಗಳ ಚಿಕ್ಕ ಬರಹಗಳ ಪುಟ. ಹೊಸಬರ ಕೈ ಹೇಗಿದೆ ಎಂದು ನಾನು ನೋಡುತ್ತಿದ್ದದ್ದು ಅಲ್ಲಿಯೇ. ಇನ್ನೂರು ಪದ ಕೆಟ್ಟರೆ ಅರ್ಧ ಗಂಟೆಯಲ್ಲಿ ತಿದ್ದಬಹುದು. ಎಂಟು ಪುಟ ಕೆಟ್ಟರೆ ರಾತ್ರಿ ಮನೆಗೆ ಹೋಗುವ ಹಾಗಿಲ್ಲ.

ಕಾಲದ ಲೆಕ್ಕ ಇದಕ್ಕಿಂತ ಮುಖ್ಯ. ಮಾಸಪತ್ರಿಕೆಗಳು ಸಾಮಾನ್ಯವಾಗಿ ನಾಲ್ಕಾರು ತಿಂಗಳು ಮುಂದಿನ ಸಂಚಿಕೆಯ ಮೇಲೆ ಕೆಲಸ ಮಾಡುತ್ತಿರುತ್ತವೆ. 2027ರ ಆಗಸ್ಟ್ 2ರ ಪೂರ್ಣ ಸೂರ್ಯಗ್ರಹಣವನ್ನೇ ತೆಗೆದುಕೊಳ್ಳಿ. ಈಜಿಪ್ಟಿನ ಲಕ್ಸರ್ ಸುತ್ತಮುತ್ತ ಆರು ನಿಮಿಷಕ್ಕೂ ಹೆಚ್ಚು ಹೊತ್ತು ಹಗಲೇ ಕತ್ತಲಾಗುತ್ತದೆ. ಓದುಗರು ಅದನ್ನು ಓದಿ, ಟಿಕೆಟ್ಟು ಕೊಂಡು, ಕೋಣೆ ಕಾಯ್ದಿರಿಸಿ ಹೊರಡಬೇಕೆಂದರೆ ಲೇಖನ ಅದಕ್ಕೆ ಎಷ್ಟೋ ತಿಂಗಳು ಮೊದಲೇ ಅಚ್ಚಾಗಬೇಕು. ಪ್ರಸ್ತಾವ ಹೆಚ್ಚುಕಡಿಮೆ ಒಂದು ವರ್ಷ ಮೊದಲೇ ಹೋಗಬೇಕು. ಜುಲೈ ಕೊನೆಯಲ್ಲಿ ಕಳುಹಿಸಿದರೆ ಮಾಸಪತ್ರಿಕೆಗೆ ಅದು ಮುಗಿದುಹೋದ ಗ್ರಹಣ. ಇಷ್ಟೆಲ್ಲ ಬಲ್ಲ ನಾನು ಕೆಲಸ ಬಿಟ್ಟ ಮೊದಲ ವರ್ಷ ಏನು ಮಾಡಿದೆ? ಹಿಮದ ಮೇಲಿನ ನಡಿಗೆಯ ಪ್ರಸ್ತಾವವನ್ನು ಚಳಿ ಶುರುವಾದ ವಾರ ಒಂದು ಮಾಸಪತ್ರಿಕೆಗೆ ಕಳುಹಿಸಿದೆ. ಚಳಿಗಾಲದ ಸಂಚಿಕೆ ಆಗಲೇ ಅಚ್ಚಾಗಿತ್ತು. ಅಲ್ಲಿಯ ಸಹಾಯಕ ಸಂಪಾದಕಿ ಹಿಂದೆ ನನ್ನ ಕೈಕೆಳಗೆ ಕೆಲಸ ಕಲಿತವರು. ಬಹಳ ವಿನಯದಿಂದ, ಮುಂದಿನ ಚಳಿಗಾಲಕ್ಕೆ ನೋಡೋಣ ಸಾರ್ ಎಂದು ಬರೆದರು. ಆ ‘ಸಾರ್’ ಇವತ್ತಿಗೂ ಚುಚ್ಚುತ್ತದೆ.

ಚಿತ್ರಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಪ್ರಸ್ತಾವದ ಜೊತೆ ಮೂರು, ಅವೂ ಚಿಕ್ಕ ಗಾತ್ರದವು ಸಾಕು. ಒಪ್ಪಿಗೆಯಾದ ಮೇಲೆ ಕ್ಯಾಮೆರಾದಿಂದ ಇಳಿಸಿದ ಮೂಲ ಕಡತಗಳನ್ನೇ ಕೊಡಿ. ಮೆಸೇಜಿಂಗ್ ಆ್ಯಪ್‌ನಲ್ಲಿ ಮಾಮೂಲಿ ಚಿತ್ರದಂತೆ ಕಳುಹಿಸಿದರೆ ಅದು ಕುಗ್ಗಿಹೋಗುತ್ತದೆ. ಮುದ್ರಣಕ್ಕೆ ಸಾಮಾನ್ಯವಾಗಿ ಇಂಚಿಗೆ 300 ಪಿಕ್ಸೆಲ್ ಕೇಳುತ್ತಾರೆ. ಎಂಟು ಇಂಚು ಅಗಲದ ಚಿತ್ರಕ್ಕೆ 2,400 ಪಿಕ್ಸೆಲ್ ಅಗಲ ಬೇಕು. ಫೋನಿನ ಪರದೆಯ ಮೇಲೆ ಥಳಥಳಿಸುವುದು ಕಾಗದದ ಮೇಲೆ ಮಸುಕಾಗುವುದು ಈ ಲೆಕ್ಕ ತಪ್ಪಿದಾಗ.

ಪ್ರಶ್ನೆ: ಒಳ್ಳೆಯ ವಿಷಯವನ್ನು ಪ್ರಸ್ತಾವದಲ್ಲಿ ಹೇಳಿಬಿಟ್ಟರೆ, ಅವರು ‘ಬೇಡ’ ಎಂದು ಹೇಳಿ ತಮ್ಮವರಿಂದಲೇ ಬರೆಸಿಕೊಂಡರೆ?

ಉತ್ತರ: ಬರೆಸಿಕೊಂಡರೆ ಕಾನೂನು ನಿಮ್ಮ ನೆರವಿಗೆ ಬರುವುದು ಕಷ್ಟ. 1886ರ ಬರ್ನ್ ಒಪ್ಪಂದದ ಕಾಲದಿಂದ ಲೇಖಕರ ಹಕ್ಕಿಗೆ ದೇಶ ದೇಶಗಳ ನಡುವೆ ರಕ್ಷಣೆ ಇದೆ, ಆದರೆ ಅದು ಬರೆದ ಬರಹಕ್ಕೆ. ಬೌದ್ಧಿಕ ಆಸ್ತಿಯ ಹಕ್ಕುಗಳ ಬಗ್ಗೆ ದೇಶಗಳು ಮಾಡಿಕೊಂಡ 1994ರ ಟ್ರಿಪ್ಸ್ ಒಪ್ಪಂದ ಇದನ್ನು ಬಿಡಿಸಿಯೇ ಹೇಳಿದೆ: ಹಕ್ಕುಸ್ವಾಮ್ಯ ಅಭಿವ್ಯಕ್ತಿಗೆ ಉಂಟು, ಕೇವಲ ವಿಚಾರಕ್ಕೆ ಇಲ್ಲ. ನೀವು ಬರೆದ ಪ್ರಸ್ತಾವದ ವಾಕ್ಯಗಳು ನಿಮ್ಮವು. ‘ಗಂಟೆ ಬಾರಿಸುವ ದೋಣಿ’ ಎಂಬ ವಿಷಯ ಯಾರದೂ ಅಲ್ಲ.

ಕಳ್ಳತನ ನಡೆಯುವುದೇ ಇಲ್ಲ ಎನ್ನಲಾರೆ. ಆದರೆ ನನ್ನ ಮೇಜಿನ ಮೇಲೆ ಒಂದೇ ವಾರ ಮೂವರು ಒಂದೇ ಹಳೆಯ ದೀಪಸ್ತಂಭದ ಬಗ್ಗೆ ಪ್ರಸ್ತಾವ ಕಳುಹಿಸಿದ್ದುಂಟು. ಒಬ್ಬರದನ್ನು ತೆಗೆದುಕೊಂಡೆ. ಉಳಿದಿಬ್ಬರಿಗೆ ನಾನು ಕಳ್ಳನಂತೆ ಕಂಡಿರಬೇಕು. ಆ ಒಬ್ಬರಿಗೆ ದೀಪಸ್ತಂಭದ ನಿವೃತ್ತ ಕಾವಲುಗಾರರ ವಿಳಾಸ ಗೊತ್ತಿತ್ತು, ಅವರ ದಿನಚರಿ ಪುಸ್ತಕ ನೋಡಿ ಬಂದಿದ್ದರು. ಉಳಿದವರಿಗೆ ದೀಪಸ್ತಂಭ ಮಾತ್ರ ಗೊತ್ತಿತ್ತು. ನಿಮಗೆ ಮಾತ್ರ ಬಾಗಿಲು ತೆರೆಯುವ ಮನುಷ್ಯರು ವಿಷಯದೊಳಗಿದ್ದರೆ ಕದ್ದವರು ಬರೆಯುವುದು ಸುಲಭವಲ್ಲ. ಮೇಲಿನ ದೋಣಿಯ ಕಥೆಯನ್ನು, ಅಂದ ಹಾಗೆ, ಅದನ್ನು ಬರೆದು ಕಳುಹಿಸಿದ ಓದುಗರ ಒಪ್ಪಿಗೆ ಪಡೆದು, ಸ್ಥಳದ ಹೆಸರು ತೆಗೆದೇ ಇಲ್ಲಿ ಹಾಕಿದ್ದೇನೆ.

ಪ್ರಶ್ನೆ: ಉತ್ತರಕ್ಕೆ ಎಷ್ಟು ದಿನ ಕಾಯಬೇಕು? ಒಂದೇ ಪ್ರಸ್ತಾವವನ್ನು ನಾಲ್ಕು ಕಡೆ ಕಳುಹಿಸಬಹುದೇ?

ಉತ್ತರ: ಎರಡು ವಾರ ಕಾದು, ಹಳೆಯ ಇಮೇಲಿಗೇ ಉತ್ತರದಂತೆ ಎರಡು ಸಾಲಿನ ನೆನಪೋಲೆ ಹಾಕಿ. ಇನ್ನೊಂದು ವಾರ ನೋಡಿ, ಬೇರೆಡೆ ಕಳುಹಿಸುತ್ತಿರುವುದಾಗಿ ತಿಳಿಸಿ ಮುಂದೆ ಹೋಗಿ. ಫೋನ್ ಮಾಡಬೇಡಿ, ಪುಟ ಕಟ್ಟುವ ದಿನ ಬಂದ ಫೋನಿಗೆ ನಾನು ಎಂದೂ ಒಳ್ಳೆಯ ಮಾತಾಡಿದವನಲ್ಲ. ನಾಲ್ಕು ಕಡೆ ಕಳುಹಿಸುವುದು ಅಪರಾಧವಲ್ಲ, ಹಾಗೆಂದು ಪ್ರಸ್ತಾವದಲ್ಲಿ ಒಂದು ಸಾಲು ಹೇಳಿಬಿಡಿ. ನಾನು ಹೇಳದೆ ಎರಡು ಕಡೆ ಕಳುಹಿಸಿ, ಎರಡೂ ಕಡೆಯವರು ಒಪ್ಪಿ, ಒಬ್ಬರಿಗೆ ‘ಆರೋಗ್ಯ ಸರಿಯಿಲ್ಲ’ ಎಂದು ಬರೆದೆ. ಮುಂದಿನ ತಿಂಗಳು ಇನ್ನೊಂದು ಪತ್ರಿಕೆಯಲ್ಲಿ ನನ್ನ ಹೆಸರು, ಗುಡ್ಡದ ತುದಿಯಲ್ಲಿ ನಗುತ್ತ ನಿಂತ ಚಿತ್ರ. ಆ ಬಾಗಿಲು ಇನ್ನೂ ತೆರೆದಿಲ್ಲ.

ಪ್ರಶ್ನೆ: ಒಂದು ಹೋಟೆಲಿನವರು ಮೂರು ದಿನ ಉಚಿತವಾಗಿ ಇಟ್ಟುಕೊಳ್ಳುತ್ತೇವೆ, ಬರೆಯಿರಿ ಎನ್ನುತ್ತಿದ್ದಾರೆ. ಹೋಗಲೇ?

ಉತ್ತರ: ಹೋಗುವ ಮೊದಲು ಸಂಪಾದಕರನ್ನು ಕೇಳಿ. ಉಚಿತ ಆತಿಥ್ಯದ ಬರಹವನ್ನು ಮುಟ್ಟದ ಪತ್ರಿಕೆಗಳಿವೆ. ಲೇಖನದ ಕೊನೆಯಲ್ಲಿ ‘ವಾಸ್ತವ್ಯ ಹೋಟೆಲಿನವರದು’ ಎಂದು ಹಾಕಿ ಪ್ರಕಟಿಸುವವೂ ಇವೆ. ಅಚ್ಚಾದ ಮೇಲೆ ಗೊತ್ತಾಗುವುದು ಎರಡು ಕಡೆಯೂ ಸಲ್ಲದು. ಹೋಟೆಲಿನವರಿಗೆ ಲೇಖನ ಖಂಡಿತ ಬರುತ್ತದೆಂಬ ಮಾತು ಕೊಡಬೇಡಿ, ಅಚ್ಚಿಗೆ ಮೊದಲು ತೋರಿಸುತ್ತೇನೆಂದೂ ಹೇಳಬೇಡಿ. ಮೂರನೇ ದಿನ ನಲ್ಲಿಯಲ್ಲಿ ಬಿಸಿನೀರು ಬಾರದಿದ್ದರೆ ಅದನ್ನು ಬರೆಯುವ ಧೈರ್ಯ ನಿಮಗಿದೆಯೇ ಎಂದು ಈಗಲೇ ಯೋಚಿಸಿಕೊಳ್ಳಿ. ನನಗೆ ಇರಲಿಲ್ಲ, ಹಾಗಾಗಿ ಹೋಗುವುದನ್ನು ಬಿಟ್ಟೆ.

ಪ್ರಶ್ನೆ: ಪ್ರಸ್ತಾವ ಒಪ್ಪಿದರು, ಬರೆದು ಕೊಟ್ಟೆ, ಏಳು ತಿಂಗಳಾಯಿತು. ಪ್ರಕಟವಾಗಲಿಲ್ಲ, ಸಂಭಾವನೆಯೂ ಇಲ್ಲ. ಬರಹದಲ್ಲಿ ಏನೂ ಇಲ್ಲ. ಕೇಳಬಹುದೇ?

ಉತ್ತರ: ಕೇಳಲೇಬೇಕು. ಎಷ್ಟು ಬಲವಾಗಿ ಕೇಳಬಹುದು ಎನ್ನುವುದು ಒಪ್ಪಿದ ದಿನ ಬರಹದಲ್ಲಿ ಏನಿತ್ತು ಎಂಬುದರ ಮೇಲೆ. ಸಂಭಾವನೆ ಲೇಖನ ಸ್ವೀಕರಿಸಿದಾಗಲೋ ಪ್ರಕಟವಾದ ಮೇಲೋ? ಎರಡನೆಯದಾದರೆ ಅವರು ನಿಮ್ಮನ್ನು ಎಷ್ಟು ಕಾಲವಾದರೂ ಕಾಯಿಸಬಲ್ಲರು. ಬರೆಸಿಕೊಂಡು ಕೈಬಿಟ್ಟರೆ ಒಪ್ಪಿದ ಮೊತ್ತದ ಒಂದು ಪಾಲು ಕೊಡುವ ಪದ್ಧತಿ ಕೆಲವೆಡೆ ಇದೆ, ಕಾಲು ಭಾಗ ಎಂದು ಬರೆದುಕೊಳ್ಳುವುದು ಸಾಮಾನ್ಯ. ಅದು ಮೊದಲೇ ಒಪ್ಪಂದದಲ್ಲಿ ಇರಬೇಕು. ನಿಮ್ಮ ಬಳಿ ಏನೂ ಬರಹದಲ್ಲಿಲ್ಲ ಎಂದಿದ್ದೀರಿ. ಹಾಗಾದರೆ ದಿನಾಂಕ ಹಾಕಿ ಒಂದು ಇಮೇಲ್ ಕಳುಹಿಸಿ: ಇಂತಿಷ್ಟು ದಿನಗಳಲ್ಲಿ ನಿರ್ಧಾರ ತಿಳಿಸದಿದ್ದರೆ ಲೇಖನ ಹಿಂಪಡೆದು ಬೇರೆಡೆ ಕೊಡುತ್ತೇನೆ ಎಂದು. ಮುಂದಿನ ಸಲ ಹಕ್ಕಿನ ಸಾಲನ್ನೂ ಓದಿ. ‘ಪ್ರಥಮ ಪ್ರಕಟಣೆಯ ಹಕ್ಕು’ ಎಂದಿದ್ದರೆ ಆಮೇಲೆ ಲೇಖನ ನಿಮ್ಮ ಕೈಗೆ ಮರಳುತ್ತದೆ, ನಾಳೆ ನಿಮ್ಮದೇ ಪುಸ್ತಕದಲ್ಲಿ ಸೇರಿಸಬಹುದು. ‘ಎಲ್ಲ ಹಕ್ಕುಗಳೂ’ ಎಂದಿದ್ದರೆ ಅದಕ್ಕೆ ತಕ್ಕ ಹಣ ಕೇಳಿ, ಇಲ್ಲವೇ ಆ ಸಾಲನ್ನು ತೆಗೆಯಲು ಹೇಳಿ. ಕೇಳಿದರೆ ತೆಗೆಯುವವರು ನೀವಂದುಕೊಂಡದ್ದಕ್ಕಿಂತ ಹೆಚ್ಚು ಜನರಿದ್ದಾರೆ.

ದೋಣಿಯ ಓದುಗರಿಗೆ, ಪುಟ ತುಂಬುವ ಮುನ್ನ ಇನ್ನೊಂದು ಮಾತು. ನಿಮ್ಮ ಹದಿನಾಲ್ಕು ಚಿತ್ರಗಳನ್ನು ಮತ್ತೆ ತೆರೆದು ನೋಡಿದೆ. ಗಂಟೆಯದು ಒಂದೂ ಇಲ್ಲ. ಮುಂದಿನ ಸಲ ಹೋದಾಗ ಮೊದಲು ಅದನ್ನು ತೆಗೆದುಕೊಳ್ಳಿ, ಸಾಧ್ಯವಾದರೆ ಯಾರದಾದರೂ ಕೈ ಅದರ ಹಗ್ಗದ ಮೇಲಿರುವಾಗ.