ಓದುಗರ ಪ್ರಶ್ನೆ: ಕ್ಯೂಆರ್ ಕೋಡ್ ಅಂಟಿಸುವ ಮೊದಲು ಕೇಳಬೇಕಾದ ಒಪ್ಪಿಗೆ

ಪ್ರಶ್ನೆ: ನಾವು ಏಳು ಜನ ಗೆಳೆಯರು. ನಮಗೆಲ್ಲ ಬಹಳ ಇಷ್ಟವಾದ ಒಂದು ಕನ್ನಡ ಸಿನಿಮಾದ ಪೊಲೀಸ್ ಪಾತ್ರವನ್ನು ಇಟ್ಟುಕೊಂಡು 35 ನಿಮಿಷದ ಅಭಿಮಾನಿ ಚಿತ್ರ ಮಾಡಲು ಹೊರಟಿದ್ದೇವೆ. ಕಥೆ ನಮ್ಮದೇ, ನಡೆಯುವುದು ಆಗುಂಬೆ ಘಾಟಿಯಲ್ಲಿ. ಪೇಟೆಯ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಅಂಟಿಸಿ ₹2.4 ಲಕ್ಷ ಕೂಡಿಸುವ ಅಂದಾಜು. ₹1,000 ಕೊಟ್ಟವರಿಗೆ ಆ ಪಾತ್ರದ ಚಿತ್ರವಿರುವ ಟೀ ಶರ್ಟ್. ಯೂಟ್ಯೂಬಿನಲ್ಲಿ ಜಾಹೀರಾತಿಲ್ಲದೆ ಹಾಕುತ್ತೇವೆ, ಮೂಲ ಚಿತ್ರದವರಿಗೆ ಕೃತಜ್ಞತೆಯನ್ನೂ ಸಲ್ಲಿಸುತ್ತೇವೆ. ಲಾಭವೇ ಇಲ್ಲದ ಮೇಲೆ ತೊಂದರೆ ಏನು?
— ಓದುಗ, ತೀರ್ಥಹಳ್ಳಿ

ಉತ್ತರ: ತೊಂದರೆ ಇದೆ. ಅದು ಶುರುವಾಗುವುದು ಲಾಭದಿಂದಲ್ಲ, ಒಪ್ಪಿಗೆ ಇಲ್ಲದ್ದರಿಂದ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 52(1)(ಎ) ಕಲಮು ‘ನ್ಯಾಯಯುತ ಬಳಕೆ’ ಎಂದು ಒಪ್ಪುವುದು ಮೂರನ್ನು: ಅಧ್ಯಯನವೂ ಸೇರಿದಂತೆ ಖಾಸಗಿ ಬಳಕೆ, ವಿಮರ್ಶೆ, ಪ್ರಚಲಿತ ವಿದ್ಯಮಾನಗಳ ವರದಿ. ಅಭಿಮಾನ ಆ ಪಟ್ಟಿಯಲ್ಲಿ ಇಲ್ಲ. ಕೃತಜ್ಞತೆ ಸಲ್ಲಿಸುವುದು ಸೌಜನ್ಯ, ಅದು ಒಪ್ಪಿಗೆಯ ಬದಲಿಗೆ ಬರುವುದಿಲ್ಲ.

ಹಾಗಂತ ಎಲ್ಲವೂ ಅವರ ಸ್ವತ್ತಲ್ಲ. ಬರೀ ಕಲ್ಪನೆಗೆ, ಕಥಾವಸ್ತುವಿಗೆ ಕೃತಿಸ್ವಾಮ್ಯವಿಲ್ಲ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ಮಲೆನಾಡಿನ ಠಾಣೆಯೊಂದರ ಮುಂಗೋಪಿ ಇನ್ಸ್‌ಪೆಕ್ಟರ್ ಯಾರು ಬೇಕಾದರೂ ಬರೆಯಬಹುದಾದ ಪಾತ್ರ. ಆದರೆ ಆ ಸಿನಿಮಾದಲ್ಲಿರುವ ಹೆಸರು, ಆ ಸಂಭಾಷಣೆ, ಆ ನಡೆನುಡಿ ಎಲ್ಲ ಕೂಡಿ ನಿಂತ ಪಾತ್ರ ಬೇರೆ ಮಾತು. ಅಂಥ ವಿಶಿಷ್ಟ ಪಾತ್ರಕ್ಕೆ ರಕ್ಷಣೆ ಸಿಗಬಹುದು ಎಂದು ಬಾಂಬೆ ಹೈಕೋರ್ಟ್ 2016ರಲ್ಲಿ ಹಿಂದಿಯ ಒಂದು ಪೊಲೀಸ್ ಪಾತ್ರದ ಬಗ್ಗೆಯೇ ಅಭಿಪ್ರಾಯಪಟ್ಟಿದೆ.

ನಿಮ್ಮ ಯೋಜನೆಯಲ್ಲಿ ಅತಿ ಅಪಾಯದ್ದು ಟೀ ಶರ್ಟ್. ಅದು ಇನ್ನೊಬ್ಬರ ಪಾತ್ರದ ಸರಕು ಮಾರಿದಂತೆಯೇ. ಇವತ್ತೇ ಕೈಬಿಡಿ. ಉಲ್ಲಂಘನೆಗೆ 63ನೇ ಕಲಮಿನಡಿ ಆರು ತಿಂಗಳಿಂದ ಮೂರು ವರ್ಷ ಜೈಲು, ₹50,000ದಿಂದ ₹2 ಲಕ್ಷ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲ ಎಂದಾದರೆ ನ್ಯಾಯಾಲಯ ಕಾರಣ ದಾಖಲಿಸಿ ಶಿಕ್ಷೆ ಕಡಿಮೆ ಮಾಡಬಹುದು. ಟೀ ಶರ್ಟ್ ಹಂಚಿದರೆ ಆ ಮಾತು ಹೇಳುವುದೇ ಕಷ್ಟವಾಗುತ್ತದೆ.

ಈಗ ಮಾಡಬೇಕಾದ್ದು. ಮೂಲ ಚಿತ್ರವನ್ನು ಹಾಕಿ, ಮೊದಲಿಗೆ ಬರುವ ಸೆನ್ಸಾರ್ ಪ್ರಮಾಣಪತ್ರದ ಮೇಲೆ ನಿಲ್ಲಿಸಿ. ಅರ್ಜಿದಾರರ ಮತ್ತು ನಿರ್ಮಾಪಕರ ಹೆಸರು ಅಲ್ಲೇ ಇರುತ್ತದೆ. ಚಿತ್ರದ ಹಕ್ಕು ಸಾಮಾನ್ಯವಾಗಿ ನಿರ್ಮಾಪಕರದು, ಹಾಡುಗಳದು ಬಹುಪಾಲು ಆಡಿಯೊ ಕಂಪನಿಯದು, ಕಥೆ ಯಾರದೆಂಬುದು ಅವರವರ ಕರಾರಿನಂತೆ. ನಿರ್ಮಾಪಕರಿಗೆ ಪತ್ರ ಬರೆದು ಕಥೆಗಾರರಿಗೆ ಪ್ರತಿ ಕಳಿಸಿ. ಪತ್ರ ಒಂದು ಪುಟ ಸಾಕು: ಹತ್ತು ಸಾಲಿನಲ್ಲಿ ಕಥೆ, ಚಿತ್ರದ ಅವಧಿ, ಕೂಡಿಸುವ ಒಟ್ಟು ಹಣ ಮತ್ತು ಅದರ ಖರ್ಚಿನ ಬಾಬ್ತು, ಎಲ್ಲಿ ಹಾಕುತ್ತೀರಿ, ಜಾಹೀರಾತು ಮತ್ತು ಸರಕು ಇಲ್ಲ ಎಂಬ ಮಾತು, ‘ನೀವು ಹೇಳಿದರೆ ಚಿತ್ರವನ್ನು ಏಳು ದಿನದಲ್ಲಿ ತೆಗೆಯುತ್ತೇವೆ’ ಎಂಬ ಭರವಸೆ.

ಒಪ್ಪಿಗೆ ಲಿಖಿತವಾಗಿಯೇ ಬರಬೇಕು. ಅದರಲ್ಲಿ ಎರಡು ವಿಷಯ ತಪ್ಪದೆ ಇರಲಿ. ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಎಂದು ಎಣಿಸುತ್ತದೆ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಯೂಟ್ಯೂಬ್ ಎಲ್ಲ ದೇಶದಲ್ಲೂ ಕಾಣುವುದರಿಂದ ‘ವಿಶ್ವದಾದ್ಯಂತ’ ಎಂಬ ಪದ ಬೇಕೇ ಬೇಕು. ಮಳೆ ಹಿಡಿಯುವ ಮುನ್ನ ಘಾಟಿಯ ದೃಶ್ಯ ಮುಗಿಸಬೇಕೆಂಬ ಅವಸರ ನಮಗೂ ಅರ್ಥವಾಗುತ್ತದೆ. ಆದರೂ ಉತ್ತರ ಬಾರದಿದ್ದುದನ್ನು ಒಪ್ಪಿಗೆ ಎಂದುಕೊಂಡು ಕ್ಯಾಮೆರಾ ಎತ್ತಬೇಡಿ. ಆರು ವಾರ ಕಾದು, ಇಲ್ಲವಾದರೆ ಹೆಸರು, ಸಂಭಾಷಣೆ, ವೇಷ ಬದಲಿಸಿ ನಿಮ್ಮದೇ ಪಾತ್ರ ಕಟ್ಟಿ. ಸ್ವಂತ ಕಥೆಗೂ ಜನ ದುಡ್ಡು ಕೊಡುತ್ತಾರೆ. 2013ರ ‘ಲೂಸಿಯಾ’ ಪ್ರೇಕ್ಷಕರ ಹಣದಿಂದಲೇ ತಯಾರಾದ ಚಿತ್ರ.

ಹಾಡಿನ ವಿಷಯ: ನಾವೇ ಹಾಡಿಸಿಕೊಂಡರೆ ಆಯಿತು ಎನ್ನುವವರು ಬಹಳ. ಕವರ್ ಹಾಡಿನ ಅವಕಾಶವಿರುವ 31ಸಿ ಕಲಮು ಧ್ವನಿಮುದ್ರಣಕ್ಕೆ ಮಾತ್ರ, ಅದೂ ಮೂಲ ಹಾಡು ಬಂದು ಐದು ವರ್ಷ ಕಳೆದ ಮೇಲೆ. ಚಿತ್ರಕ್ಕೆ ಅದು ಅನ್ವಯಿಸದು. ಸಂಗೀತ ಹೊಸದಾಗಿ ಮಾಡಿಸಿಕೊಳ್ಳಿ.

ಪ್ರಶ್ನೆ: ಇಂಥದ್ದೇ ಒಂದು ಚಿತ್ರಕ್ಕೆ ನಾನು ₹500 ಕೊಟ್ಟಿದ್ದೆ. ನೋಟಿಸ್ ಬಂದು ಕೆಲಸ ನಿಂತಿದೆ. ಹಣ ಕೇಳಬಹುದೇ?
— ಓದುಗರು, ಭದ್ರಾವತಿ

ಉತ್ತರ: ಕೇಳಿ. ಹಣ ಕೂಡಿಸುವಾಗ ಏನು ಮಾತು ಕೊಟ್ಟಿದ್ದರೋ ಅದರ ಮೇಲೆ ನಿಮ್ಮ ಹಕ್ಕು ನಿಲ್ಲುತ್ತದೆ. ಯುಪಿಐ ವಹಿವಾಟಿನ ಸಂಖ್ಯೆ ಜೋಪಾನವಾಗಿರಲಿ. ಹಣ ಕೂಡಿಸುವ ತಂಡಗಳಿಗೆ ನಮ್ಮ ಮಾತು: ‘ಹಕ್ಕುದಾರರ ಒಪ್ಪಿಗೆ ಸಿಗದಿದ್ದರೆ ಹಣ ವಾಪಸ್’ ಎಂದು ಕ್ಯೂಆರ್ ಕೋಡಿನ ಕೆಳಗೇ ಬರೆಯಿರಿ, ಒಪ್ಪಿಗೆ ಬರುವವರೆಗೆ ಪೈಸೆ ಮುಟ್ಟಬೇಡಿ. ಒಬ್ಬರ ಸ್ವಂತ ಖಾತೆಗೆ ಹಾಕಿಸಿಕೊಳ್ಳುವುದು ಬೇಡ. ಸಂಬಂಧಿಕರಲ್ಲದವರಿಂದ ಉಡುಗೊರೆಯಾಗಿ ಬಂದ ಹಣ ವರ್ಷದಲ್ಲಿ ₹50,000 ದಾಟಿದರೆ ಅಷ್ಟೂ ಮೊತ್ತ ಅವರ ಆದಾಯಕ್ಕೆ ಸೇರುತ್ತದೆ.

ಪ್ರಶ್ನೆ: ನಮ್ಮ ಭಾಗದ ಸಾಹಿತಿಗಳ ಕಥೆ ತೆಗೆದುಕೊಂಡರೆ ಈ ತಾಪತ್ರಯ ಇರುವುದಿಲ್ಲವಲ್ಲ?
— ಓದುಗ, ಸಾಗರ

ಉತ್ತರ: ಇರುತ್ತದೆ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ವಾರಸುದಾರರಲ್ಲಿ ಉಳಿಯುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ 2054ರ ಕೊನೆಯವರೆಗೆ. ತೇಜಸ್ವಿಯವರದು 2007, ಅಂದರೆ 2067ರವರೆಗೆ. ವಾರಸುದಾರರನ್ನು ಕೇಳುವಾಗ, ಚಿತ್ರದ ಹಕ್ಕನ್ನು ಈಗಾಗಲೇ ಯಾರಿಗಾದರೂ ಕೊಟ್ಟಿದ್ದಾರೆಯೇ ಎಂದೂ ಕೇಳಿ. ಯಾರ ಹಂಗೂ ಬೇಡವೆಂದರೆ 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಕಥೆಗಳಿವೆ, 1946ರಲ್ಲಿ ತೀರಿಕೊಂಡ ಕೈಲಾಸಂ ನಾಟಕಗಳಿವೆ. ಒಂದೇ ಎಚ್ಚರ: ಮೂಲ ಪಠ್ಯದಿಂದಲೇ ಕೆಲಸ ಮಾಡಿ. ಈಚೆಗೆ ಬೇರೆಯವರು ಮಾಡಿದ ರಂಗರೂಪ, ಅನುವಾದಗಳಿಗೆ ಅವರದೇ ಹಕ್ಕಿರುತ್ತದೆ.

ಪ್ರಶ್ನೆ: ಸಿನಿಮಾದ ದೃಶ್ಯಗಳನ್ನೇ ಕತ್ತರಿಸಿ ಹಾಕುವ ದೊಡ್ಡ ಚಾನೆಲ್‌ಗಳು ಆರಾಮಾಗಿವೆ. ಹಳ್ಳಿ ಹುಡುಗರ ಚಿತ್ರಕ್ಕೆ ಮಾತ್ರ ನೋಟಿಸ್. ಇದು ನ್ಯಾಯವೇ?
— ಓದುಗರು, ಹೊಸನಗರ

ಉತ್ತರ: ನ್ಯಾಯವಲ್ಲ. ಆದರೆ ಅನ್ಯಾಯ ಎಲ್ಲಿದೆ ಎಂದು ಸರಿಯಾಗಿ ನೋಡಬೇಕು. ಯಾರ ಮೇಲೆ ದಾವೆ ಹೂಡಬೇಕು, ಯಾರನ್ನು ಬಿಡಬೇಕು ಎಂಬುದು ಹಕ್ಕುದಾರರ ಇಷ್ಟ. ‘ಅವರನ್ನು ಬಿಟ್ಟಿರಲ್ಲ’ ಎಂಬ ವಾದ ಕೋರ್ಟಿನಲ್ಲಿ ನಿಮ್ಮನ್ನು ಕಾಯುವುದಿಲ್ಲ. 62ನೇ ಕಲಮಿನ ಪ್ರಕಾರ ಹಕ್ಕುದಾರರು ತಾವಿರುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೂ ದಾವೆ ಹೂಡಬಹುದು. 63ನೇ ಕಲಮಿನ ಅಪರಾಧದಲ್ಲಿ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು, ಅದು ಜಾಮೀನುರಹಿತ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ದೊಡ್ಡ ಕಂಪನಿಗೆ ಇದು ವಕೀಲರ ಒಂದು ಫೈಲು. ಹೊಸನಗರದ ಹುಡುಗನಿಗೆ ಪ್ರತಿ ವಾಯಿದೆಗೂ ಬಸ್ ಖರ್ಚು, ಒಂದು ದಿನದ ಕೂಲಿ. ನಿಜವಾದ ಅಸಮತೋಲ ಇಲ್ಲಿದೆ.

ಅಮೆರಿಕದ ಒಂದು ಪ್ರಕರಣ ಈ ವಿಷಯದಲ್ಲಿ ಕಣ್ತೆರೆಸುವಂಥದ್ದು. ಬಾಹ್ಯಾಕಾಶದ ಕಥೆಗಳ ಸರಣಿ ‘ಸ್ಟಾರ್ ಟ್ರೆಕ್’ನ ಅಭಿಮಾನಿಗಳು ದಶಕಗಳಿಂದ ಚಿತ್ರ ಮಾಡಿಕೊಂಡೇ ಬಂದಿದ್ದರು, ಹಕ್ಕುದಾರರು ಸುಮ್ಮನಿದ್ದರು. ‘ಆಕ್ಸನಾರ್’ ಎಂಬ ತಂಡ 10 ಲಕ್ಷ ಡಾಲರ್‌ಗೂ ಹೆಚ್ಚು ಕೂಡಿಸಿ, ವೃತ್ತಿಪರ ಚಿತ್ರವನ್ನೇ ಮಾಡುತ್ತೇವೆ ಎಂದು ಹೊರಟಾಗ 2015ರ ಡಿಸೆಂಬರಿನಲ್ಲಿ ಹಕ್ಕುದಾರ ಕಂಪನಿಗಳಾದ ಪ್ಯಾರಾಮೌಂಟ್ ಮತ್ತು ಸಿಬಿಎಸ್ ದಾವೆ ಹೂಡಿದವು. 2016ರ ಜೂನಿನಲ್ಲಿ ಲಿಖಿತ ನಿಯಮಗಳು ಬಂದವು: ಒಂದು ಕಥೆ 15 ನಿಮಿಷ, ಎರಡು ಭಾಗವಾದರೆ ಒಟ್ಟು 30, ಕೂಡಿಸುವ ಹಣ 50,000 ಡಾಲರ್ ಮೀರಬಾರದು, ದುಡಿಯುವವರಿಗೆ ಸಂಬಳವಿಲ್ಲ. 2017ರ ಜನವರಿಯಲ್ಲಿ ನ್ಯಾಯಾಧೀಶರು ನ್ಯಾಯಯುತ ಬಳಕೆಯ ವಾದವನ್ನು ತಳ್ಳಿಹಾಕಿದರು. ಅದೇ ತಿಂಗಳು ರಾಜಿಯಾಯಿತು.

ಆ ನಿಯಮಗಳು ಬಿಗಿಯಾದವು ಎಂದೇ ನಮ್ಮ ಅಭಿಪ್ರಾಯ. ಆದರೂ ಗೆರೆ ಎಲ್ಲಿದೆ ಎಂದು ಜನರಿಗೆ ಗೊತ್ತಾಯಿತು. ಗೆರೆ ಎಳೆಯದೆ ವರ್ಷಗಟ್ಟಲೆ ಸುಮ್ಮನಿದ್ದು, ಊರವರ ದುಡ್ಡು ಖರ್ಚಾದ ಮೇಲೆ ನೋಟಿಸ್ ಕಳಿಸುವುದು ಕಾನೂನಿಗೆ ಸರಿಯಿರಬಹುದು, ಅಭಿಮಾನಿಗಳಿಗೆ ಮಾಡುವ ಅನ್ಯಾಯವೇ. ಕನ್ನಡದ ನಿರ್ಮಾಪಕರು ಇಂಥ ಒಂದು ಪುಟವನ್ನು ಮೊದಲೇ ಪ್ರಕಟಿಸಲಿ: ಎಷ್ಟು ನಿಮಿಷ, ಎಷ್ಟು ರೂಪಾಯಿ, ಯಾವುದು ಕೂಡದು.

ಪ್ರಶ್ನೆ: ನಮ್ಮ ವಿಡಿಯೊವನ್ನು ಯೂಟ್ಯೂಬ್ ತೆಗೆದಿದೆ. ಮುಂದೇನು?
— ಓದುಗ, ಶಿವಮೊಗ್ಗ

ಉತ್ತರ: ಮೊದಲು ಯೂಟ್ಯೂಬ್ ಸ್ಟುಡಿಯೊ ತೆರೆದು, ಬಂದಿರುವುದು ಕಂಟೆಂಟ್ ಐಡಿ ಕ್ಲೇಮೋ ಸ್ಟ್ರೈಕೋ ನೋಡಿ. ಎರಡಕ್ಕೂ ದಾರಿ ಬೇರೆ. ಕ್ಲೇಮ್ ಸಾಮಾನ್ಯವಾಗಿ ಯಂತ್ರವೇ ಹಾಡಿನ ತುಣುಕು ಗುರುತಿಸಿ ಹಾಕುವಂಥದ್ದು. ಆ ತುಣುಕನ್ನು ಅಲ್ಲೇ ತೆಗೆದುಹಾಕಬಹುದು ಅಥವಾ ಆಕ್ಷೇಪ ಸಲ್ಲಿಸಬಹುದು. ಉತ್ತರಿಸಲು ಹಕ್ಕುದಾರರಿಗೆ 30 ದಿನ ಇರುತ್ತದೆ. ಸ್ಟ್ರೈಕ್ ಎಂದರೆ ಹಕ್ಕುದಾರರ ದೂರಿನ ಮೇಲೆ ವಿಡಿಯೊ ತೆಗೆದು ಚಾನೆಲ್‌ಗೆ ಕೊಡುವ ಎಚ್ಚರಿಕೆ, ಅದು ಗಂಭೀರ. 90 ದಿನದೊಳಗೆ ಮೂರಾದರೆ ಚಾನೆಲ್ಲೇ ಹೋಗುತ್ತದೆ.

ಸ್ಟ್ರೈಕ್ ತಪ್ಪೆಂದು ಖಾತ್ರಿ ಇದ್ದರೆ ಮಾತ್ರ ಯೂಟ್ಯೂಬಿಗೆ ಪ್ರತಿನೋಟಿಸ್, ಅಂದರೆ ದೂರು ತಪ್ಪೆಂಬ ಲಿಖಿತ ಉತ್ತರ ಕಳಿಸಿ. ಅದರಲ್ಲಿ ನಿಮ್ಮ ನಿಜವಾದ ಹೆಸರು, ವಿಳಾಸ ಕೊಡಬೇಕು, ಅದು ಎದುರಾಳಿಯ ಕೈಗೂ ಹೋಗುತ್ತದೆ. ಅಮೆರಿಕದ ನ್ಯಾಯಾಲಯದ ವ್ಯಾಪ್ತಿಗೂ ನೀವು ಒಪ್ಪಿದಂತೆ. ಎದುರಾಳಿ 10 ಕೆಲಸದ ದಿನಗಳಲ್ಲಿ ದಾವೆ ಹೂಡಿದ ಪುರಾವೆ ಕೊಡದಿದ್ದರೆ ವಿಡಿಯೊ ಮರಳಿ ಬರಬಹುದು. ನಮ್ಮ ದೇಶದ 2013ರ ಕೃತಿಸ್ವಾಮ್ಯ ನಿಯಮಾವಳಿಯ 75ನೇ ನಿಯಮದಲ್ಲೂ ಇಂಥ ವ್ಯವಸ್ಥೆಯಿದೆ. ದೂರು ಬಂದ 36 ಗಂಟೆಯಲ್ಲಿ ತಡೆ, 21 ದಿನದಲ್ಲಿ ಕೋರ್ಟ್ ಆದೇಶ ತಾರದಿದ್ದರೆ ತಡೆ ತೆಗೆಯಬಹುದು.

ವಕೀಲರ ನೋಟಿಸಿನಲ್ಲಿ ಬರೀ ಬೆದರಿಕೆ ಇದ್ದು, ನಿಮ್ಮ ಚಿತ್ರದಲ್ಲಿ ಅವರದೇನೂ ಇಲ್ಲವೆಂದರೆ ಕೃತಿಸ್ವಾಮ್ಯ ಕಾಯ್ದೆಯ 60ನೇ ಕಲಮು ನೋಡಿ. ಆಧಾರವಿಲ್ಲದ ಬೆದರಿಕೆಯ ವಿರುದ್ಧ ನೀವೇ ತಡೆಯಾಜ್ಞೆ, ನಷ್ಟ ಪರಿಹಾರ ಕೇಳಬಹುದು. ನೋಟಿಸ್ ಬಂದ ದಿನವೇ ಲಕೋಟೆಯನ್ನೂ ಸೇರಿಸಿ ಎತ್ತಿಡಿ, ಚಿತ್ರಕಥೆಯ ಹಳೆಯ ಕರಡುಗಳನ್ನು ಅಳಿಸಬೇಡಿ. ಯಾವ ಸಾಲು ಯಾವಾಗ ನಿಮ್ಮಲ್ಲಿ ಹುಟ್ಟಿತು ಎಂದು ತೋರಿಸಲು ಅವು ಬೇಕಾಗುತ್ತವೆ.