ಸ್ಕೀ ತಾಣದ ಬಳಿ ವರ್ಷವಿಡೀ ವಾಸಿಸಲು ಎಂಥ ಬಡಾವಣೆ ಸೂಕ್ತ?

ಸ್ಕೀ, ಅಂದರೆ ಹಿಮದ ಮೇಲೆ ಜಾರುವ ಆಟ, ಆಡುವವರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್‌ಗಳ ಬುಡದಲ್ಲೇ ಇರುವ ಬಡಾವಣೆಗಿಂತ, ಅಲ್ಲಿಂದ ತುಸು ದೂರದಲ್ಲಿ, ಕಣಿವೆಯ ಬಿಸಿಲು ಬೀಳುವ ಮಗ್ಗುಲಲ್ಲಿರುವ, ಶಾಲೆ, ಆಸ್ಪತ್ರೆ, ದಿನಸಿ ಅಂಗಡಿಗಳು ಹನ್ನೆರಡು ತಿಂಗಳೂ ನಡೆಯುವ ಊರನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಉತ್ತರ ಗೋಳಾರ್ಧದಲ್ಲಿ ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿ ತಗ್ಗಿನಲ್ಲೇ ಸಾಗುವುದರಿಂದ, ಉತ್ತರಕ್ಕೆ ಮುಖ ಮಾಡಿದ ಇಳಿಜಾರುಗಳಲ್ಲಿ ಹಿಮ ಬೇಗ ಕರಗುವುದಿಲ್ಲ. ಸ್ಕೀ ಹಾದಿಗಳಿಗೆ ಅಂಥ ಇಳಿಜಾರುಗಳು ಒಗ್ಗುವುದು ಇದೇ ಕಾರಣಕ್ಕೆ. ಆದರೆ ಆಟಕ್ಕೆ ಒದಗುವ ಆ ನೆರಳೇ ವಾಸಕ್ಕೆ ತೊಡಕಾಗುತ್ತದೆ: ಮನೆಯ ಮೆಟ್ಟಿಲುಗಳ ಮೇಲೆ ಕಾಲ್ತುಳಿತಕ್ಕೆ ಗಟ್ಟಿಯಾದ ಮಂಜುಗಡ್ಡೆ ವಾರಗಟ್ಟಲೆ ಜಾರುತ್ತಲೇ ಇರುತ್ತದೆ, ಮನೆಯನ್ನು ಬೆಚ್ಚಗಿಡುವ ಖರ್ಚೂ ಏರುತ್ತದೆ.

ನೆರೆಹೊರೆಯೂ ಅಷ್ಟೇ ಮುಖ್ಯವೆಂದು ನನ್ನ ಅಭಿಪ್ರಾಯ. ರಜೆಗಷ್ಟೇ ತೆರೆಯುವ ಮನೆಗಳು ಹೆಚ್ಚಿದಷ್ಟೂ ಊರು ಬರಿದಾಗುತ್ತದೆಂಬ ಆತಂಕವೂ ಸೇರಿದಂತೆ ಹಲವು ಕಾರಣಗಳಿಂದ ಸ್ವಿಟ್ಜರ್ಲೆಂಡಿನ ಮತದಾರರು 2012ರಲ್ಲಿ ಅಂಥ ಮನೆಗಳ ಪ್ರಮಾಣಕ್ಕೆ ಪ್ರತಿ ಊರಿನಲ್ಲೂ ಶೇ. 20ರ ಮಿತಿ ವಿಧಿಸಲು ಒಪ್ಪಿದರು. ಆದ್ದರಿಂದ ಪ್ರವಾಸಿಗರಿಲ್ಲದ ನವೆಂಬರ್ ಆರಂಭದ ಒಂದು ಸಂಜೆ ಹೋಗಿ, ಎಷ್ಟು ಕಿಟಕಿಗಳಲ್ಲಿ ದೀಪ ಉರಿಯುತ್ತದೆ ಎಂಬುದನ್ನು ನೋಡಿ. ಹಿಮ ಸುರಿದ ಬೆಳಗ್ಗೆ ಆ ರಸ್ತೆಯನ್ನು ತೆರವುಗೊಳಿಸುವ ಹೊಣೆ ಸ್ಥಳೀಯ ಆಡಳಿತದ್ದೋ ನಿವಾಸಿಗಳದ್ದೋ ಎಂಬುದನ್ನೂ ಅಲ್ಲಿಯವರನ್ನೇ ಕೇಳಿ ತಿಳಿದುಕೊಳ್ಳಿ.